ಎಣ್ಣೆ ಕುಡಿಯದ ಮನೆಗಾಡಿ

ಮೊದಲು ಕೃತಜ್ಞತೆ. ಬೆಳಗಾದಾಗ ಕಣ್ಣು ತೆರೆಸಿ, ತೆರೆದ ಕಣ್ಣಿಗೆ ಕಾಣಲೊಂದು ಲೋಕವನ್ನು ಇಟ್ಟವನಿಗೆ ನಮಸ್ಕಾರ. ಮಸ್ಕಿಯ ಗುಡ್ಡದ ಮೇಲೆ ಕುಳಿತು ಸುತ್ತಲಿನ ಬಯಲನ್ನು ಕಾಯುವ ಮಲ್ಲಯ್ಯನಿಗೆ ನಮಸ್ಕಾರ. ಅಕ್ಷರವನ್ನೂ ಅದರ ಉಚ್ಚಾರದ ಶುದ್ಧಿಯನ್ನೂ ಕಲಿಸಿದ ಗುರುಗಳಿಗೆ ನಮಸ್ಕಾರ. ಬೆಂಕಿಯು ತನ್ನ ಎಲ್ಲೆಯನ್ನು ಮೀರದೆ ಇದ್ದುದಕ್ಕಾಗಿ ಅಗ್ನಿದೇವನಿಗೆ ಒಂದು ನಮಸ್ಕಾರ ಹೆಚ್ಚಾಗಿಯೇ ಸಲ್ಲಬೇಕು. ಅದರ ಕಾರಣವನ್ನು ಓದುಗರು ಮುಂದೆ ಕಾಣುವರು. ಇದನ್ನು ಬರೆಯಲು ನಾನು ಉಳಿದಿದ್ದೇನೆ ಎಂಬ ಮಾತನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ.

ನಾವು ಸಿಂಧನೂರಿನಿಂದ ಹೊರಟದ್ದು ಒಂದು ಸೋಮವಾರ ಬೆಳಿಗ್ಗೆ. ಗದ್ದೆಗಳ ಮೇಲೆ ಇನ್ನೂ ಇಬ್ಬನಿಯ ತೆರೆ ಇತ್ತು. ಗಾಡಿಯಲ್ಲಿದ್ದವರು ಮೂವರು: ನಾನು, ನನ್ನ ಪತ್ನಿ ಮಲ್ಲಮ್ಮ, ಗಾಡಿ ನಡೆಸುತ್ತಿದ್ದ ಆಕೆಯ ತಮ್ಮ ಅಮರಯ್ಯ. ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದ ನನಗೆ ಪ್ರವಾಸದ ಹವ್ಯಾಸವೇನೂ ಇರಲಿಲ್ಲ. ಇಳಿವಯಸ್ಸಿನಲ್ಲಿ ಅದು ಬಂದದ್ದು ಮಲ್ಲಮ್ಮನ ಬೆನ್ನುನೋವಿನಿಂದ. ಸ್ವಲ್ಪ ಹೊತ್ತು ಕುಳಿತರೆ ಅವಳ ಕಾಲುಗಳು ಜೋಮು ಹಿಡಿಯುತ್ತವೆ. ಹೀಗಾಗಿ ಬಸ್ಸೂ ಕಾರೂ ಅವಳಿಗೆ ನಿಂತುಹೋಗಿದ್ದವು. ಬಂಧುಗಳ ಮನೆಯ ಮಂಗಲಕಾರ್ಯಗಳ ಸುದ್ದಿ ಮಾತ್ರ ಅವಳನ್ನು ತಲುಪುತ್ತಿತ್ತು.

ಇದನ್ನು ಸಹಿಸಲಾರದೆ ಅಮರಯ್ಯನು ಒಂದು ಹಳೆಯ ಡೀಸೆಲ್ ವ್ಯಾನನ್ನು ಕೊಂಡು, ಅದನ್ನು ತನ್ನ ಕೈಯಾರೆ ಮನೆಯಾಗಿ ಮಾರ್ಪಡಿಸಿದನು. ತುರ್ವಿಹಾಳದಲ್ಲಿ ಅವನಿಗೆ ಪೈಪು ನಲ್ಲಿಗಳ ಅಂಗಡಿಯಿದೆ. ಅದಕ್ಕೂ ಮೊದಲು ಸುತ್ತಲಿನ ಊರುಗಳ ಎಷ್ಟೋ ಮನೆಗಳಿಗೆ ನೀರಿನ ಕೊಳವೆ ಜೋಡಿಸಿದವನು ಅವನೇ. ತಾಯಿಯನ್ನು ಬೇಗ ಕಳೆದುಕೊಂಡ ಅವನನ್ನು ಬೆಳೆಸಿದವಳು ಮಲ್ಲಮ್ಮ. ವ್ಯಾನಿನೊಳಗೆ ಅಕ್ಕನಿಗೆ ಮಲಗಲು ಮಂಚ, ಕಾಲು ಚಾಚಲು ಹಲಗೆ, ನೀರಿನ ಡ್ರಮ್ಮು, ಕಿಟಕಿಗೆ ಪರದೆ ಎಲ್ಲವನ್ನೂ ಹೊಂದಿಸಿದನು. ಬೆಂಕಿಯ ಭಯವೆಂದು ಒಲೆಯನ್ನು ಮಾತ್ರ ಒಳಗೆ ಇಡಲಿಲ್ಲ. ಅಡುಗೆಯೇನಿದ್ದರೂ ಹೊರಗೆ, ಮರದ ನೆರಳಿನಲ್ಲಿ.

ಮಂಚದ ಪಕ್ಕದ ಗೋಡೆಗೆ ದೇವರ ಜಗುಲಿ. ಅಲ್ಲಿ ನಮ್ಮ ಮನೆಯ ಪುಟ್ಟ ಲಿಂಗ, ಗಾಜಿನ ಗೂಡಿನೊಳಗೆ ಒಂದು ದೀಪ. ಶಿವನಿಗೆ ಅಭಿಷೇಕ ಮಾಡಿದ ನೀರನ್ನು ತುಳಿಯಬಾರದು, ದಾಟಬಾರದು ಎಂಬುದು ನಮ್ಮ ನಡೆ. ಗುಡಿಗಳಲ್ಲಿಯೂ ಆ ನೀರು ಹೊರಬೀಳುವ ಕಡೆಯವರೆಗೆ ಹೋಗಿ ಹಿಂದಿರುಗುತ್ತೇವಲ್ಲದೆ ಅದನ್ನು ದಾಟಿ ಪ್ರದಕ್ಷಿಣೆ ಮುಗಿಸುವುದಿಲ್ಲ. ಹೀಗಿರುವಾಗ ಗಾಡಿಯ ನೆಲದ ಮೇಲೆ ಅದು ಚೆಲ್ಲಬಾರದೆಂದು ಮಲ್ಲಮ್ಮ ಕೇಳಿದಳು. ಅಮರಯ್ಯನು ಲಿಂಗದ ಕೆಳಗೊಂದು ಬಟ್ಟಲನ್ನು ಕೂಡಿಸಿ, ಅದಕ್ಕೆ ಕೊಳವೆ ಜೋಡಿಸಿದನು. ಗಾಡಿ ನಿಂತಾಗ ನಿತ್ಯವೂ ಪೂಜೆ ನಡೆಯುತ್ತಿತ್ತು. ತೀರ್ಥವು ಬಟ್ಟಲಿನಿಂದ ಇಳಿದು ಗಾಡಿಯಡಿಯ ಮಣ್ಣಿಗೆ ಸೇರುತ್ತದೆಂದು ನಾವು ನಂಬಿದ್ದೆವು. ಆ ಮಣ್ಣನ್ನು ತುಳಿಯಬಾರದೆಂದು ನಮ್ಮಲ್ಲಿ ಯಾರೂ ಗಾಡಿಯ ಆ ಮಗ್ಗುಲಿಗೆ ಸುಳಿಯುತ್ತಲೂ ಇರಲಿಲ್ಲ.

ಈ ಗಾಡಿಗೆ ಕೆಲವು ದಿನಗಳಿಂದ ಒಂದು ರೋಗ ಹತ್ತಿತ್ತು. ಡೀಸೆಲ್ ಹಾಕಿಸಲು ಹೋದರೆ ಪಂಪಿನ ಗನ್ನು ಗುಟುಕು ಎಣ್ಣೆ ಬಿಟ್ಟು 'ಟಕ್' ಎಂದು ನಿಂತುಬಿಡುತ್ತಿತ್ತು. ಮತ್ತೆ ಒತ್ತಿದರೆ ಎಣ್ಣೆ ಹೊರಗೆ ಚಿಮ್ಮುತ್ತಿತ್ತು. ಲಿಂಗಸುಗೂರಿನಲ್ಲಿ ಇಂಥ ಗಾಡಿಗಳ ಸರ್ವಿಸ್ ಸೆಂಟರ್ ಇದೆಯೆಂದು ಕೇಳಿ, ಅಲ್ಲಿ ದುರಸ್ತಿ ಮಾಡಿಸಿಕೊಂಡು ಗುರುಗುಂಟಾಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೆವು. ಗುರುಗುಂಟಾದಲ್ಲಿ ಮರುದಿನ ಅಮರಯ್ಯನ ಮಗಳಿಗೆ ಕುಬುಸದ, ಅಂದರೆ ಸೀಮಂತದ, ಕಾರ್ಯ. ಚೊಚ್ಚಲ ಬಸುರಿಗೆ ಸೋದರತ್ತೆಯೇ ಮೊದಲು ಉಡಿ ತುಂಬಬೇಕು. ಆ ಸೋದರತ್ತೆ ಮಲ್ಲಮ್ಮ. ಹಸಿರು ಸೀರೆ, ಬಳೆ, ಕೊಬ್ಬರಿ ಬಟ್ಟಲುಗಳ ಗಂಟನ್ನು ಅವಳು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡಿದ್ದಳು.

ಸಿಂಧನೂರಿನಿಂದ ಮಸ್ಕಿಗೆ ಸುಮಾರು ಮೂವತ್ತು ಕಿಲೋಮೀಟರು. ಕಾಲುವೆಯ ಹಸಿರು ಸ್ವಲ್ಪಸ್ವಲ್ಪವಾಗಿ ಹಿಂದೆ ಸರಿದು ಕೆಂಪು ಕಪ್ಪು ಹೊಲಗಳೂ, ಒಂದರ ಮೇಲೊಂದು ಪೇರಿಸಿದಂತಿರುವ ಬಂಡೆಗಳೂ ಕಾಣಿಸಿಕೊಂಡವು. ಮಸ್ಕಿಯಲ್ಲಿ ಅಮರಯ್ಯನು ಒಗ್ಗರಣೆ ಮಂಡಕ್ಕಿಯನ್ನೂ ಬಿಸಿ ಮಿರ್ಚಿಯನ್ನೂ ತಿಂದನು. ನನಗೆ ಸೋಮವಾರದ ಉಪವಾಸ. ಒಂದು ಲೋಟ ಹಾಲಿನಲ್ಲಿ ಮುಗಿಸಿದೆ. ಗುಡ್ಡದ ಕಡೆಗೆ ಕೈಮುಗಿದು ಎಣ್ಣೆಯ ಬಂಕಿಗೆ ಬಂದೆವು. ಲಿಂಗಸುಗೂರು ಮುಟ್ಟುವಷ್ಟಾದರೂ ಡೀಸೆಲ್ ಬೇಕಾಗಿತ್ತು.

ಬಂಕಿನಲ್ಲಿದ್ದವಳು ಹುಲಿಗೆಮ್ಮ ಎಂಬ ಹೆಣ್ಣುಮಗಳು. ಅವಳು ಗನ್ನು ಒತ್ತಿದಳು. ಟಕ್. ಮತ್ತೊಮ್ಮೆ ಒತ್ತಿದಳು. ಟಕ್.

"ಏನ್ರಿ ಅಣ್ಣಾರ, ಗಾಡಿಗೆ ಬಾಯಿ ರುಚಿ ಕೆಟ್ಟೈತೇನು? ಹಾಕಿದ್ದೆಲ್ಲ ಉಗುಳಾಕತ್ತೈತಿ."

"ನಮ್ಮ ಮಾವಾರ ಜೋಡಿ ತಿರುಗಿ ತಿರುಗಿ ಅದಕ್ಕೂ ಸೋಮವಾರದ ಉಪಾಸ ಹತ್ತೈತಬೇ," ಎಂದನು ಅಮರಯ್ಯ. "ಸಾವಕಾಶ ಹಾಕು. ಕೂಸಿಗೆ ಹಾಲು ಹಾಕಿದಂಗ."

ಹಿಂದೆ ನಿಂತಿದ್ದ ಟ್ರ್ಯಾಕ್ಟರಿನವನು ಹಾರ್ನ್ ಒತ್ತಿದನು. "ಯಣ್ಣಾ, ಮನೀನ ಬಂಕಿಗೆ ತಂದೀಯಲ್ಲಪಾ. ಇಲ್ಲೇ ಸಂಸಾರ ಹೂಡವನೇನು?"

ನಾನು ಇಳಿದು ನೋಡುತ್ತ ನಿಂತಿದ್ದೆ. ಮೂರನೆಯ ಸಲ ಎಣ್ಣೆಯು ಹಿಂದಕ್ಕೆ ಚಿಮ್ಮಿ ನನ್ನ ಮಡಿಪಂಚೆಯನ್ನು ಮೊಣಕಾಲಿನವರೆಗೆ ತೋಯಿಸಿತು. ಒಳಗೆ, ಪರದೆಯ ಹಿಂದೆ, ಮಲ್ಲಮ್ಮನು ಅದೇ ಹೊತ್ತಿಗೆ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿ ಬತ್ತಿಯನ್ನು ಮುಂದೆ ಚಾಚುತ್ತಿದ್ದಳು. ಕಿಟಕಿಯ ಸಂದಿಯಿಂದ ನನಗೆ ಆ ಬೆಳಕು ಕಂಡಿತು. ಕಂಡು, ಗಾಡಿಯಾದರೂ ಈ ದೀಪದಂತೆ ಶಾಂತವಾಗಿ ಎಣ್ಣೆ ಕುಡಿಯಬಾರದೇ ಎಂದುಕೊಂಡೆ.

ಮಸ್ಕಿಯಿಂದ ಲಿಂಗಸುಗೂರಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಬಿಸಿಲು ಏರಿತ್ತು. ಗಾಡಿಯೊಳಗೆ ಡೀಸೆಲ್ಲಿನ ವಾಸನೆ ತುಸು ಹೆಚ್ಚೇ ಆಯಿತು. "ಮುಂದಿನ ಲಾರಿದು," ಎಂದನು ಅಮರಯ್ಯ. ಮಲ್ಲಮ್ಮನು ಎಂದಿನಂತೆ ಇನ್ನೆರಡು ಊದಿನಕಡ್ಡಿಗಳನ್ನು ದೀಪಕ್ಕೆ ಹಿಡಿದು ಹೊತ್ತಿಸಿದಳು.

ಸರ್ವಿಸ್ ಸೆಂಟರು ಊರಿನ ಅಂಚಿನಲ್ಲಿತ್ತು. ಎತ್ತರದ ತಗಡಿನ ಶೆಡ್ಡು, ಅಂಗಳದಲ್ಲೊಂದು ಬೇವಿನ ಮರ. ಅಲ್ಲಿಯ ದೊಡ್ಡ ಮೇಸ್ತ್ರಿ ಖಾಜಾಸಾಬ. ಮಾತಿನಲ್ಲಿ ಧಾರಾಳಿ. ಗಾಡಿಯನ್ನು ಒಂದು ಸುತ್ತು ನೋಡಿ, "ಮನೀ ಛಂದ ಕಟ್ಟೀರಿ. ಬಾಡಗಿಗೆ ಕೊಡ್ತೀರೇನು?" ಎಂದನು. ನನ್ನ ಪಂಚೆಯ ಕಲೆಯನ್ನು ನೋಡಿ, "ಅಯ್ನಾರ, ನೀವು ಏನೂ ಹೇಳಬ್ಯಾಡ್ರಿ. ನಿಮ್ಮ ಧೋತರನ ಎಲ್ಲಾ ಹೇಳ್ತು. ನನ್ನ ಕೈಯಾಗ ಬಂದ ಗಾಡಿ ಅದ ರೋಗಕ್ಕ ಮತ್ತೊಮ್ಮೆ ಬಂದಿಲ್ಲ," ಎಂದು ಭರವಸೆಯನ್ನೂ ಕೊಟ್ಟನು.

ಎಣ್ಣೆ ಹಾಕುವ ಬಾಯಿಯಿಂದ ಟಾಕಿಗೆ ಹೋಗುವ ದಪ್ಪ ಕೊಳವೆ ಕೆಟ್ಟಿದೆಯೆಂದು ಅವನು ಮೊದಲು ನಿರ್ಣಯಿಸಿದನು. ಅದನ್ನು ಬದಲಿಸಿ, ಡಬ್ಬಿಯಿಂದ ಡೀಸೆಲ್ ಸುರಿದು ನೋಡಿದನು. ಗಾಡಿಯು ತೇಗಿ ಅವನ ಅಂಗಿಯ ಮೇಲೆಯೇ ಉಗುಳಿತು. ಅಮರಯ್ಯನಿಗೆ ನಗು ತಡೆಯಲಾಗಲಿಲ್ಲ.

"ನಗ್ರಿ ನಗ್ರಿ. ಇದು ಇಲಿ ಕೆಲಸ. ಗಾಳಿ ಪೈಪಿನಾಗ ಗೂಡು ಕಟ್ಟೈತಿ," ಎಂದನು ಖಾಜಾಸಾಬ. ಆಮೇಲೆ ನನ್ನ ಕಡೆಗೆ ತಿರುಗಿ ವಿವರಿಸಿದನು: "ಟಾಕಿಗೆ ಎರಡು ದಾರಿ ಇರ್ತಾವ್ರಿ. ಒಂದರಾಗ ಎಣ್ಣಿ ಒಳಗ ಹೋಗ್ತೈತಿ. ಇನ್ನೊಂದು ಸಣ್ಣದು, ಮ್ಯಾಲಕ್ಕ ಹೋಗಿರ್ತೈತಿ. ಅದರಾಗ ಒಳಗಿನ ಗಾಳಿ ಹೊರಗ ಬರಬೇಕು. ಗಾಳಿ ಬರದಿದ್ರ ಎಣ್ಣಿಗೆ ಜಾಗ ಎಲ್ಲಿಂದ?"

ಟಾಕಿಯನ್ನು ಬಿಚ್ಚುವ ಮುನ್ನ ಅವನ ಕಣ್ಣು ಪರದೆಯಾಚೆಯ ಬೆಳಕಿನ ಮೇಲೆ ಬಿತ್ತು.

"ಅಮ್ಮಾರ, ಆ ದೀಪ ತಗೀರಿ."

"ಸಂಜೀ ತನಕ ಇರೋ ದೀಪಪಾ ಅದು. ನಡುವ ತಗಿಯೂದಿಲ್ಲ," ಎಂದಳು ಮಲ್ಲಮ್ಮ, ಮಲಗಿದಲ್ಲಿಂದಲೇ.

"ನಿಮ್ಮ ದೇವರು ದೊಡ್ಡಾವ, ಒಪ್ಪತೀನಿ. ಆದ್ರ ಈ ಶೆಡ್ಡಿನ ಮಾಲಕ ಬಾಳ ಸಣ್ಣ ಮನಸಿನಾವ. ಬೀಡಿ ಹಚ್ಚಿದ್ರ ನನ್ನನ್ನ ಹೊರಗ ಹಾಕ್ತಾನ. ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ."

ದೀಪವನ್ನು ಬಾಯಿಂದ ಊದಿ ಆರಿಸುವುದು ನಮ್ಮಲ್ಲಿಲ್ಲ. ಮಲ್ಲಮ್ಮನು ಒಂದು ಹೂವಿನಿಂದ ಬತ್ತಿಯನ್ನು ಒತ್ತಿ ಶಾಂತಗೊಳಿಸಿದಳು. ಊದಿನಕಡ್ಡಿಯ ತುದಿಯನ್ನು ನೀರಿಗೆ ಅದ್ದಿದಳು. "ದೇವರಿಗೂ ಕತ್ತಲಿ ಮಾಡಿಸಿದೆಲ್ಲಪಾ, ಸಾಬಣ್ಣ," ಎಂದು ಗೊಣಗಿದಳು. ಅವನು ನಗುತ್ತ ಗಾಡಿಯಡಿಗೆ ಹೋದನು. ಅಲ್ಲಿ ಸಣ್ಣ ಕೊಳವೆಯನ್ನು ಟಾಕಿಯಿಂದ ಬಿಡಿಸಿ, ಅದರ ಬಾಯಿಗೆ ಗಾಳಿಯಂತ್ರದ ತುದಿಯನ್ನು ಹಿಡಿದು, ಇಲಿಯ ಗೂಡು ಮೇಲಕ್ಕೆ ಹಾರಿಹೋಗಲೆಂದು ಒಮ್ಮೆಲೇ ಗಾಳಿ ಬಿಟ್ಟನು.

ಗಾಡಿಯೊಳಗೆ ಏನೋ ಒಡೆದಂತೆ ಸದ್ದಾಯಿತು. ಆಮೇಲೆ ಮಲ್ಲಮ್ಮನ ದನಿ, ಬಹಳ ಮೆಲ್ಲಗೆ: "ಅಮರಾ, ಇಲ್ಲಿ ಬಾ."

ಬಾಗಿಲಲ್ಲಿ ನಾನು ಕಂಡದ್ದನ್ನು ಇದ್ದಂತೆ ಹೇಳುತ್ತೇನೆ. ಲಿಂಗದ ಕೆಳಗಿನ ಬಟ್ಟಲಿನಿಂದ ಬೂದುಗಪ್ಪು ನೀರು ಮೇಲಕ್ಕೆ ಚಿಮ್ಮಿ ಗಾಡಿಯ ಚಾವಣಿಗೆ ಬಡಿದು, ಮಂಚದ ಮೇಲೂ ಮಲ್ಲಮ್ಮನ ತಲೆಯ ಮೇಲೂ ಸುರಿದಿತ್ತು. ಲಿಂಗವು ಕೆಸರಿನಲ್ಲಿ ಮುಚ್ಚಿಹೋಗಿತ್ತು. ಗಾಜಿನ ಗೂಡು ಚೂರಾಗಿ ದೀಪ ಮಗುಚಿತ್ತು. ಗೋಡೆಗೆ ಕಪ್ಪಗೆ ಅಂಟಿಕೊಂಡಿದ್ದ ಚೂರೊಂದನ್ನು ಖಾಜಾಸಾಬನು ಬೆರಳಿನಿಂದ ತೆಗೆದು, "ಇಲಿ ತಂದ ಎಲಿ," ಎಂದನು. ಮಲ್ಲಮ್ಮನು ಅದನ್ನು ಕೈಯಲ್ಲಿ ಇಸಿದುಕೊಂಡು ಸೆರಗಿನಿಂದ ಒರೆಸಿದಳು. ಮೂರೆಸಳು. ಬಿಲ್ವಪತ್ರೆ. ಅದರಿಂದ ಡೀಸೆಲ್ಲಿನ ವಾಸನೆ ಬರುತ್ತಿತ್ತು.

ಖಾಜಾಸಾಬನ ಮುಖದ ನಗೆ ಆಗ ಮಾಯವಾಯಿತು. ಬಗ್ಗಿ ಬಟ್ಟಲಿನ ಕೆಳಗೆ ನೋಡಿದನು, ಗೋಡೆಯ ತಗಡನ್ನು ಸರಿಸಿ ನೋಡಿದನು, ಮತ್ತೆ ಬಟ್ಟಲನ್ನು ನೋಡಿದನು.

"ಈ ಬಟ್ಟಲಾ ಈ ಪೈಪಿಗೆ ಕೂಡಿಸಿದವರು ಯಾರು?"

"ನಾನ," ಎಂದನು ಅಮರಯ್ಯ. "ಗ್ವಾಡಿ ಒಳಗ ಮದಲ ಇತ್ತು ಅದು. ಬಾಯಿ ಮ್ಯಾಲ, ಕೆಳಗ ಇಳದಿತ್ತು. ನೀರು ಹೋಗಾಕ ಕಂಪನಿಯವರ ಬಿಟ್ಟಾರ ಅಂದ್ಕೊಂಡೆ. ಮನ್ಯಾಗ ಕೆಳಗ ಇಳಿಯೋ ಪೈಪ್ ಅಂದ್ರ ನೀರಿಂದ ಅಲ್ಲೇನ್ರಿ?"

"ಇದು ಮನಿ ಅಲ್ಲ ಅಣ್ಣಾ, ಗಾಡಿ. ಇದು ಟಾಕಿ ಉಸಿರಾಡೋ ಪೈಪು. ನಿಮ್ಮ ತೀರ್ಥ ದಿನಾ ಡೀಸೆಲ್ ಟಾಕಿಗೆ ಹೋಗಾಕತ್ತಿತ್ತು." ಅವನು ಮಗುಚಿದ ದೀಪದಿಂದ ಬಟ್ಟಲಿನವರೆಗೆ ಗೇಣು ಹಾಕಿದನು. ಒಂದು ಗೇಣು, ಅದರ ಮೇಲೆ ಎರಡು ಬೆರಳು. "ಟಾಕಿ ಬಾಯಿ ಇಲ್ಲಿ. ನಿಮ್ಮ ದೀಪ ಇಲ್ಲಿ. ಇಷ್ಟು ದಿನ ಇದರ ಮಗ್ಗಲಕ್ಕ ಅಮ್ಮಾರು ಮಲಗ್ಯಾರ."

ಕಠಿಣ ಸಮಯಗಳಲ್ಲಿ ತಾನಾಗಿಯೇ ಬಾಯಿಗೆ ಬರುವ ಮಂತ್ರವೊಂದು ನನಗಿದೆ. ಬಾಲ್ಯದಿಂದ ಅದು ನನ್ನನ್ನು ಬಿಟ್ಟಿಲ್ಲ. ಆಗ ಅದರ ಮೊದಲ ಅಕ್ಷರವೂ ಬರಲಿಲ್ಲ. ಮಸ್ಕಿಯ ಬಂಕು ಕಣ್ಣ ಮುಂದೆ ನಿಂತಿತು: ಹೊರಗೆ ಚಿಮ್ಮುವ ಎಣ್ಣೆ, ಹಿಂದೆ ಟ್ರ್ಯಾಕ್ಟರು, ಗನ್ನು ಹಿಡಿದ ಹುಲಿಗೆಮ್ಮ, ಕಿಟಕಿಯ ಸಂದಿಯ ಶಾಂತವಾದ ಬೆಳಕು. ನಮ್ಮ ಮೂವರನ್ನು ಮಾತ್ರವಲ್ಲ, ಆ ಹೆಣ್ಣುಮಗಳನ್ನೂ ನಾವು ಆ ಬೆಳಕಿನ ಮುಂದೆ ನಿಲ್ಲಿಸಿದ್ದೆವು. ಖಾಜಾಸಾಬನು ಹಟಹಿಡಿದು ದೀಪ ತೆಗೆಸದೆ ಇದ್ದಿದ್ದರೆ, ಎಣ್ಣೆ ಬೆರೆತ ಆ ನೀರು ನೇರವಾಗಿ ಉರಿಯುವ ಬತ್ತಿಯ ಮೇಲೆ ಬೀಳುತ್ತಿತ್ತು.

"ಡೀಸೆಲ್ ಆಗಿದ್ದಕ್ಕ ಉಳಿದೀರಿ. ಪೆಟ್ರೋಲ್ ಆಗಿದ್ರ ಮಾತಿಲ್ಲ," ಎಂದನು ಅವನು, ಕೊಳವೆಯನ್ನು ಬಗ್ಗಿಸಿ ತೋರಿಸುತ್ತ. ಅದರ ಬಾಗಿನಲ್ಲಿ ವಿಭೂತಿ, ಗಂಧ, ಎಲೆಯ ಚೂರುಗಳು ಕೂಡಿ ಗಾರೆಯಂತೆ ಗಟ್ಟಿಯಾಗಿದ್ದವು. "ಇದು ಕೂತು ದಾರಿ ಬಂದ್ ಆಗೈತಿ. ಅದಕ್ಕ ಗಾಡಿ ಎಣ್ಣಿ ಕುಡಿಯಲಿಲ್ಲ. ಅದಕ್ಕ ಎಣ್ಣಿ ಹಬಿನೂ ಬಾಳ ಮ್ಯಾಲ ಬರಲಿಲ್ಲ. ನಿಮ್ಮ ಇಬತ್ತಿನ ಗಾಡಿ ಕೆಡಿಸೈತಿ, ಅದ ನಿಮ್ಮನ್ನ ಕಾದೈತಿ. ಇದಕ್ಕ ಏನಂತೀರೋ ಅಯ್ನಾರ, ನೀವು ಓದಿದವರು."

ಇಂದಿಗೂ ಅದಕ್ಕೆ ಹೆಸರಿಡಲು ನನ್ನಿಂದಾಗಿಲ್ಲ.

ಮಲ್ಲಮ್ಮನು ತನ್ನ ತಲೆಯ ಕೆಸರನ್ನು ಒರೆಸಿಕೊಳ್ಳುವುದಕ್ಕೂ ಮೊದಲು ಲಿಂಗವನ್ನು ಎತ್ತಿಕೊಂಡು ಕೆಳಗಿಳಿದಳು. ಬೇವಿನ ಕಟ್ಟೆಯ ಮೇಲೆ ಕುಳಿತು ಸೀಗೆಪುಡಿ ಹಚ್ಚಿ ತೊಳೆದಳು, ಮತ್ತೆ ತೊಳೆದಳು, ಮೂಗಿನ ಹತ್ತಿರ ತಂದು ಮೂಸಿ ಮತ್ತೆ ತೊಳೆದಳು. ಅಮರಯ್ಯನು ಅಷ್ಟು ದೂರದಲ್ಲಿ ಹಳೆಯ ಟಯರೊಂದರ ಮೇಲೆ ಕುಳಿತಿದ್ದನು. ಗಾಡಿಯ ಬೀಗದ ಕೈಯನ್ನು ಮೊದಲೇ ನನ್ನ ಮುಂದೆ ಇಟ್ಟಿದ್ದನು.

"ಮಾವಾರ, ಇದನ್ನ ಇಲ್ಲೇ ಮಾರಿಬಿಡ್ರಿ. ಸಿಕ್ಕಷ್ಟಕ್ಕ. ನಾ ಇನ್ನ ಇದರ ಚಕ್ರ ಹಿಡಿಯೂದಿಲ್ಲ. ಅಕ್ಕನ್ನ ಸುಡಾಕ ನಾನ ಕೈಯಾರೆ ಚಿತಿ ಕಟ್ಟಿ, ಮ್ಯಾಲ ಪರದಿ ಹಾಕಿ ಕೊಟ್ಟಂಗಾತು."

ಗಾಡಿ ಹೋದರೆ ಮಲ್ಲಮ್ಮನು ಮತ್ತೆ ಮನೆಯ ನಾಲ್ಕು ಗೋಡೆಗಳಿಗೆ ಹಿಂದಿರುಗುವಳೆಂದು ಬಲ್ಲೆ. ಉಡಿ ತುಂಬುವ ಗಂಟು ಮಂಚದ ಮೇಲೆ ಒದ್ದೆಯಾಗಿ ಬಿದ್ದಿತ್ತು. ಆದರೂ, ಅದೇ ಗಾಡಿಯಲ್ಲಿ ಹೋಗೋಣವೆನ್ನಲು ನನ್ನ ನಾಲಿಗೆಯೂ ಏಳಲಿಲ್ಲ. ನನ್ನ ಕೈ ನಡುಗುತ್ತಿತ್ತು. ಅದನ್ನು ಉತ್ತರೀಯದೊಳಗೆ ಮುಚ್ಚಿಕೊಂಡಿದ್ದೆ.

ಮಧ್ಯಾಹ್ನದ ಹೊತ್ತಿಗೆ ಖಾಜಾಸಾಬನು ಹೊಸ ಗಾಳಿಕೊಳವೆಯನ್ನು ಹಾಕಿ, ಅದರ ಬಾಯಿಯನ್ನು ಗಾಡಿಯ ಹೊರಮಗ್ಗುಲಿಗೆ ತೆಗೆದನು. ಟಾಕಿಯ ತಳದಲ್ಲಿದ್ದ ನೀರನ್ನು ಬಸಿದು, ಫಿಲ್ಟರನ್ನು ಬದಲಿಸಿದನು. ಬಟ್ಟಲಿನ ಕೊಳವೆಯನ್ನು ಕತ್ತರಿಸಿ ಗೋಡೆಯ ತೂತನ್ನು ಮುಚ್ಚಿದನು. ಡಬ್ಬಿಯಿಂದ ಡೀಸೆಲ್ ಸುರಿದಾಗ ಗಾಡಿಯು ಒಂದು ಹನಿಯನ್ನೂ ಉಗುಳಲಿಲ್ಲ. "ರೋಗ ಹೋತು," ಎಂದನು. ಅಮರಯ್ಯನು ತಲೆಯೆತ್ತಲಿಲ್ಲ.

ಆಗ ಮಲ್ಲಮ್ಮನು ಕಟ್ಟೆಯ ಮೇಲೆಯೇ, ತೊಳೆದ ಲಿಂಗಕ್ಕೆ ನೀರೆರೆದು ಪೂಜೆ ಮುಗಿಸಿ, ತೀರ್ಥ ತುಂಬಿದ ಬೇರೊಂದು ಬಟ್ಟಲನ್ನು ಎರಡೂ ಕೈಗಳಿಂದ ಹಿಡಿದು ತಮ್ಮನ ಮುಂದೆ ಹೋಗಿ ನಿಂತಳು.

"ಹಿಡಿ."

"ನನ್ನ ಕೈಯಾಗ ಕೊಡಬ್ಯಾಡಕ್ಕ."

"ಮತ್ಯಾರ ಕೈಯಾಗ ಕೊಡ್ಲಿ? ನಿಮ್ಮ ಮಾವಾರ ಕೈ ನೋಡಿಯೇನು, ಬಟ್ಟಲಾ ಹಿಡಿದ್ರ ಅರ್ಧ ಧೋತರಕ್ಕ ಹೋಗ್ತೈತಿ." ನಾನು ಕೈಯನ್ನು ಮುಚ್ಚಿಕೊಂಡದ್ದು ಅವಳಿಗೆ ಕಂಡೇ ಇತ್ತು. "ನೀರು ಜಲ್ದಿ ಇಳಿಯಾಕತ್ತಿಲ್ಲ ಅಂತ ನಾನೂ ಕಡ್ಡಿ ಹಾಕಿ ತಿವಿದೀನಿ. ನಾತ ಬಂದ್ರ ಊದಿನಕಡ್ಡಿ ಹಚ್ಚೀನಿ. ನೀ ಒಬ್ಬಾವನ ಮಾಡಿದ್ದಲ್ಲ ಇದು. ಇನ್ನ ಮ್ಯಾಲ ಪೈಪ್ ಬ್ಯಾಡ. ಗಾಡಿ ಎಲ್ಲಿ ನಿಲ್ತೈತೋ ಅಲ್ಲಿ ದೀಪಾ ನೆಲದ ಮ್ಯಾಲ ಹಚ್ಚತೀನಿ. ಪೂಜಿ ಆದ ಮ್ಯಾಲ ಇದನ್ನ ಒಂದು ಗಿಡದ ಬುಡಕ್ಕ, ಯಾರೂ ತುಳಿಯದ ಕಡೆ ಹಾಕೂದು ನಿನ್ನ ಕೆಲಸ. ನೀ ಬರದಿದ್ರ ತೀರ್ಥ ಬಟ್ಟಲದಾಗ ನಿಲ್ತೈತಿ. ನಾನೂ ಮನ್ಯಾಗ ನಿಲ್ತೀನಿ."

ಅವನು ಎದ್ದು, ಕೈಗಳನ್ನು ಅಂಗಿಗೆ ಒರೆಸಿಕೊಂಡು, ಅದನ್ನು ತೆಗೆದುಕೊಂಡನು. ಬೇವಿನ ಬುಡದಲ್ಲಿ ಒಂದು ಹನಿಯೂ ಆಚೆಗೆ ಹೋಗದಂತೆ ಮಂಡಿಯೂರಿ ಸುರಿದನು. ನೀರು ಮಣ್ಣಿನೊಳಗೆ ಪೂರ್ತಿ ಇಂಗುವವರೆಗೂ ಅಲ್ಲಿಂದ ಏಳಲಿಲ್ಲ.

"ಅಣ್ಣಾ, ಸಾಕು ಏಳ್ರಿ," ಎಂದನು ಖಾಜಾಸಾಬ, ನನ್ನ ಮುಂದಿದ್ದ ಬೀಗದ ಕೈಯನ್ನೆತ್ತಿ ಅವನ ಮುಂದೆ ಹಿಡಿದು. "ಆ ಗಿಡಕ್ಕ ಯಾವ ಪೈಪೂ ಇಲ್ಲ. ನಾ ನೋಡೀನಿ."

ಅಮರಯ್ಯನ ಮುಖದಲ್ಲಿ ನಗೆ ಬರಲಿಲ್ಲ. ಕೈ ಮಾತ್ರ ಮುಂದೆ ಬಂದಿತು.

ಲಿಂಗಸುಗೂರಿನಿಂದ ಗುರುಗುಂಟಾಕ್ಕೆ ಹೊಲಗಳ ನಡುವಿನ ದಾರಿ. ಕುರಿಹಿಂಡುಗಳು ಅಡ್ಡಬಂದಾಗಲೆಲ್ಲ ಗಾಡಿ ನಿಲ್ಲಿಸಿ ಅವನು ಹಿಂದಿರುಗಿ ಅಕ್ಕನನ್ನು ನೋಡುತ್ತಿದ್ದನು. "ಮುಂದ ನೋಡಿ ಹೊಡಿಯೋ, ಇನ್ನೂ ಸತ್ತಿಲ್ಲ ನಾ," ಎಂದಳು ಅವಳು. ಮರುದಿನ ತನ್ನ ಒದ್ದೆ ಆರದ ಗಂಟನ್ನು ಬಿಚ್ಚಿ ಅವಳೇ ಮೊದಲು ಉಡಿ ತುಂಬಿದಳು. ಹಸಿರು ಸೀರೆಯ ಒಂದು ಮೂಲೆಯಲ್ಲಿ ಬೂದುಬಣ್ಣದ ಕಲೆಯಿತ್ತು. ಬಸುರಿ ಹುಡುಗಿ ಇದೇನೆಂದು ಕೇಳಿದ್ದಕ್ಕೆ, "ಮಲ್ಲಯ್ಯನ ಇಬತ್ತಿ, ಒಗೀಬ್ಯಾಡ," ಎಂದಳು. ಅಮರಯ್ಯನು ಎದ್ದು ಹೊರಗೆ ಹೋದನು.

ಹಿಂದಿರುಗುವಾಗ ಮಸ್ಕಿಯ ಅದೇ ಬಂಕಿನಲ್ಲಿ ನಿಂತೆವು. ಹುಲಿಗೆಮ್ಮನು ದೂರದಿಂದಲೇ ಗುರುತಿಸಿ, "ಬಂತವ್ವಾ ಉಗುಳೋ ಗಾಡಿ," ಎಂದು ಒಂದು ಹೆಜ್ಜೆ ಹಿಂದೆ ಸರಿದು ಗನ್ನು ಇಟ್ಟಳು. ಎಣ್ಣೆ ಒಂದೇ ಸಮನೆ ಇಳಿಯತೊಡಗಿತು. ಆ ಸದ್ದನ್ನು ಕೇಳುತ್ತ ನಾನು ಪರದೆಯನ್ನು ಪೂರ್ತಿಯಾಗಿ ಸರಿಸಿದೆ. ಜಗುಲಿಯ ಮೇಲೆ ದೀಪವಿತ್ತು; ಬತ್ತಿ ಒಣಗಿತ್ತು. ಇಷ್ಟನ್ನು ನೋಡಿದ ಮೇಲೂ ಮತ್ತೆರಡು ಸಲ ನೋಡಿದೆ. ಕಡೆಗೆ ಗನ್ನು ಒಮ್ಮೆ ಮಾತ್ರ, ಟಾಕಿ ತುಂಬಿದ ಮೇಲೆ, ಟಕ್ ಎಂದಿತು.

"ಏನ್ ಔಷಧ ಕೊಟ್ರಿ?" ಎಂದು ಅವಳು ಕೇಳಿದಳು.

ಅವಳಿಗೆ ಎಲ್ಲವನ್ನೂ ಹೇಳುವುದು ನಮ್ಮ ಋಣವಾಗಿತ್ತು. ಮಲ್ಲಮ್ಮನೇ ಹೇಳಿದಳು, ಏನನ್ನೂ ಬಿಡದೆ. ಹುಲಿಗೆಮ್ಮನ ಕೈ ಗನ್ನಿನ ಮೇಲೆಯೇ ನಿಂತಿತು. ಅವಳು ಬೈಯುವಳೆಂದು ಕಾದೆವು. ಅವಳು ಗಾಡಿಯ ಕಿಟಕಿಯನ್ನು ನೋಡಿ, ತಾನು ಮೊನ್ನೆ ನಿಂತಿದ್ದ ಜಾಗವನ್ನು ನೋಡಿ, "ನನ್ನ ಮಗಳು ಅವತ್ತು ಬುತ್ತಿ ತಗೊಂಡು ಇಲ್ಲೇ ಬಂದಿದ್ಲರಿ," ಎಂದಳು. ಮಲ್ಲಮ್ಮನು ಕಿಟಕಿಯಿಂದ ಕೈಚಾಚಿ ಅವಳ ಕೈ ಹಿಡಿದಳು.

ಊರು ದಾಟಿದ ಮೇಲೆ, ಗುಡ್ಡ ಕಾಣುವಲ್ಲಿ ಗಾಡಿ ನಿಂತಿತು. ನೆಲದ ಮೇಲೆ, ಒಂದು ಬಂಡೆಯ ಮರೆಯಲ್ಲಿ ದೀಪ ಹಚ್ಚಿ ಪೂಜೆ ಮಾಡಿದೆವು. ಅಮರಯ್ಯನು ಬಟ್ಟಲು ಹಿಡಿದು ಗಿಡ ಹುಡುಕುತ್ತ ಹೊಲದೊಳಗೆ ನಡೆದನು. ಹತ್ತಿರದ ಜಾಲಿ ಅವನಿಗೆ ಒಪ್ಪಿಗೆಯಾಗಲಿಲ್ಲ, ಅದರಡಿ ಕಾಲುದಾರಿಯಿತ್ತು. ಇನ್ನೂ ಮುಂದೆ ಹೋದನು. ನಾನು ಹಿಂದಿರುಗಿ ನೋಡಿದಾಗ ಗುಡ್ಡದ ಕೆಳಗಿನ ಆ ವಿಶಾಲ ಬಯಲಿನಲ್ಲಿ ಅವನು ತುಂಬಿದ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು, ಹೆಜ್ಜೆ ನೋಡಿ ಹೆಜ್ಜೆಯಿಡುತ್ತ ಸಾಗುತ್ತಿದ್ದನು. ಮರೆತುಹೋಗಿದ್ದ ಮಂತ್ರ ಆಗ ನನ್ನ ಬಾಯಿಗೆ ಬಂದಿತು.

ದೀಪವನ್ನು ತೆಗೆಸಿದ ಖಾಜಾಸಾಬನ ಕೈಗಳು ಎಂದೂ ಸುಡದಿರಲಿ. ಹುಲಿಗೆಮ್ಮನ ಮಗಳು ನೂರು ಕಾಲ ಬಾಳಲಿ, ಅವಳ ಬುತ್ತಿ ಎಂದೂ ಬರಿದಾಗದಿರಲಿ. ಬಂಕಿನಲ್ಲಿ ನಮ್ಮನ್ನು ಹಾಸ್ಯಮಾಡಿದ ಟ್ರ್ಯಾಕ್ಟರಿನವನ ಹೊಲ ಹಸಿರಾಗಿರಲಿ. ಗುರುಗುಂಟಾದ ಬಸುರಿ ಸುಖವಾಗಿ ಹಡೆಯಲಿ. ಪ್ರೀತಿಯಿಂದ ತಪ್ಪು ಮಾಡಿದವನಿಗೆ ಪ್ರೀತಿಯಿಂದಲೇ ಕೆಲಸ ಸಿಗಲಿ. ಈ ನಾಲ್ಕು ಊರುಗಳ ದಾರಿಯಲ್ಲಿ ಹೋಗಿಬರುವ ಎಲ್ಲರ ಬೆಂಕಿಯೂ ಅದರದರ ಎಲ್ಲೆಯೊಳಗೆ ಉರಿಯಲಿ.